ಗೋಪ್ಯದ ಹಾದಿಯೂ ನಿಧಾನದ ದೂರೂ

ಹರಪನಹಳ್ಳಿ ತಾಲೂಕಿನ ಅರಸೀಕೆರೆಯಿಂದ ನಮ್ಮ ವಾಚಕರೊಬ್ಬರು ದೀರ್ಘವಾದ ಪತ್ರವೊಂದನ್ನು ಬರೆದಿರುವರು. ಅರಸೀಕೆರೆಯೆಂದೊಡನೆ ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ನನ್ನೇ ನೆನೆಯುವ ಮಹನೀಯರು ತುಸು ತಾಳಬೇಕು. ಇದು ಉಚ್ಚಂಗಿದುರ್ಗದ ಸೀಮೆಯ ಅರಸೀಕೆರೆ. ಬಳ್ಳಾರಿ ಜಿಲ್ಲೆಯಲ್ಲಿದ್ದು, ೧೯೯೭ರಲ್ಲಿ ದಾವಣಗೆರೆಗೆ ಸೇರಿ, ೨೦೧೮ರಲ್ಲಿ ಮರಳಿ ಬಳ್ಳಾರಿಗೆ ಬಂದು, ೨೦೨೧ರಲ್ಲಿ ಹೊಸದಾಗಿ ಹುಟ್ಟಿದ ವಿಜಯನಗರ ಜಿಲ್ಲೆಗೆ ವರ್ಗವಾದ ತಾಲೂಕಿನ ಒಂದು ಹೋಬಳಿಯ ಊರಿದು. ಊರು ಇದ್ದಲ್ಲಿಯೇ ಇದೆ. ಲಕೋಟೆಯ ಮೇಲೆ ಬರೆಯುವ ವಿಳಾಸ ಮಾತ್ರ ಕಾಲು ಶತಮಾನದೊಳಗೆ ಮೂರು ಸಲ ಬದಲಾಯಿತು. ಇಂದು ನಾವು ಚರ್ಚಿಸಹೊರಟಿರುವ ಸಂಗತಿಯೂ ವಿಳಾಸಕ್ಕೆ ಸಂಬಂಧಪಟ್ಟುದೇ ಆಗಿರುವುದರಿಂದ ಇಷ್ಟು ಪೀಠಿಕೆ ಅಪ್ರಸ್ತುತವಾಗಲಾರದು.

ಪತ್ರದ ಸಾರಾಂಶವಿಷ್ಟು. ಈ ಮಹನೀಯರು ಒಂದು ಸಾರ್ವಜನಿಕ ಕಾಮಗಾರಿಯ ಲೆಕ್ಕಪತ್ರಗಳನ್ನು ಜಾಲದಲ್ಲಿ ಹುಡುಕಿ, ಓದಿ, ಹೋಲಿಸಿ ನೋಡಿ, ಒಂದು ಪತ್ರಿಕೆಗೆ ತಿಳಿಸಬೇಕೆಂದು ಬಯಸಿದರು. ಕಾಮಗಾರಿಯು ಯಾವ ಊರಿನದು, ಯಾವ ಕಚೇರಿಯದು ಎಂಬುದನ್ನು ಅವರೂ ಬರೆದಿಲ್ಲ, ನಾವೂ ಕೇಳಿಲ್ಲ. ತಾವು ಯಾರೆಂಬುದು ಹೊರಬೀಳಬಾರದೆಂಬ ಎಚ್ಚರಿಕೆಯಿಂದ ಅವರು ಟಾರ್ ಎಂಬ ಜಾಲವನ್ನು ಅದರದೇ ಆದ ಬ್ರೌಸರಿನ ಮೂಲಕ ಉಪಯೋಗಿಸತೊಡಗಿದರು. ಬೇರೆ ಬ್ರೌಸರಿನಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬರುವ ಪುಟವು ಇದರಲ್ಲಿ ಬರುವ ಹೊತ್ತಿಗೆ ಕೈಯಲ್ಲಿಯ ಚಹಾ ಆರಿಹೋಗುತ್ತದೆಂಬುದು ಅವರ ದೂರು. ನಗರದಲ್ಲಿ ಓದುತ್ತಿರುವ ಅವರ ತಂಗಿಯ ಮಗನು ರಜೆಯಲ್ಲಿ ಬಂದವನು ಇದನ್ನು ಕಂಡು, ‘ಮಾವ, ಈ ಬ್ರೌಸರಿನವರು ಹೊಸ ಪ್ರೋಟೊಕಾಲನ್ನು ಬೇಕೆಂತಲೇ ಮುಚ್ಚಿಟ್ಟಿದ್ದಾರೆ, ಒಳಗಿನ ಸೆಟ್ಟಿಂಗಿನಲ್ಲಿ ಅದನ್ನು ತೆಗೆದುಬಿಟ್ಟರೆ ವೇಗ ತಾನೇ ಬರುತ್ತದೆ’ ಎಂದನಂತೆ. ಈ ಸಲಹೆಯನ್ನು ಅನುಸರಿಸಬಹುದೇ? ಜನರ ಗೋಪ್ಯವನ್ನು ಕಾಯುತ್ತೇವೆಂದು ಹೇಳಿಕೊಳ್ಳುವವರೇ ಇಂತಹ ನಿರ್ಬಂಧವನ್ನು ಹಾಕಿ ಜನರ ಕಾಲವನ್ನು ಹಾಳುಮಾಡಿದರೆ ಪತ್ರಿಕೆಗಳು ಅದನ್ನೇಕೆ ಖಂಡಿಸಬಾರದು? ಇವು ಅವರ ಎರಡು ಪ್ರಶ್ನೆಗಳು.

ಸಲಹೆಯನ್ನು ಅನುಸರಿಸಕೂಡದು ಎಂಬುದೇ ನಮ್ಮ ಉತ್ತರ. ಖಂಡನೆಯ ವಿಷಯದಲ್ಲಿ, ಖಂಡನೆಗೆ ಪಾತ್ರರಾದವರು ಇದ್ದಾರೆ, ಆದರೆ ಅವರು ಬೇರೆಯವರು ಎಂದು ನಾವು ಹೇಳಬೇಕಾಗಿದೆ. ಇದನ್ನು ಕಾರಣಸಹಿತವಾಗಿ ವಿವರಿಸುವುದು ನಮ್ಮ ಕರ್ತವ್ಯ. ಏಕೆಂದರೆ ಈ ಸೀಮೆಯಲ್ಲಿ ಇದು ಬರಿಯ ಕುತೂಹಲದ ಮಾತಲ್ಲ.

೨೦೨೧ರ ಜುಲೈ ತಿಂಗಳಲ್ಲಿ ಹರಪನಹಳ್ಳಿ ಪಟ್ಟಣದಲ್ಲಿ ಮಾಹಿತಿ ಹಕ್ಕಿನ ಕಾರ್ಯಕರ್ತರೊಬ್ಬರ ಕೊಲೆ ನಡೆದುದನ್ನು ಆ ಭಾಗದವರು ಮರೆತಿರಲಾರರು. ಆ ಪ್ರಕರಣದ ಗುಣಾವಗುಣಗಳನ್ನು ವಿಚಾರಿಸುವುದು ನ್ಯಾಯಾಲಯದ ಕೆಲಸವೇ ಹೊರತು ನಮ್ಮದಲ್ಲ. ಆದರೆ ಅರಸೀಕೆರೆಯಲ್ಲಿ ಕುಳಿತು ಲೆಕ್ಕ ಕೇಳಹೊರಡುವವನಿಗೆ ಅದರ ನೆನಪು ಬೆನ್ನ ಹಿಂದೆ ನಿಂತಿರುವುದು ಸಹಜ. ೨೦೦೫ರ ಮಾಹಿತಿ ಹಕ್ಕಿನ ಅಧಿನಿಯಮವು ಅರ್ಜಿದಾರನು ಕಾರಣವನ್ನು ಹೇಳಬೇಕಾಗಿಲ್ಲ, ಉತ್ತರ ಕಳುಹಿಸಲು ಬೇಕಾದುದಕ್ಕಿಂತ ಹೆಚ್ಚಿನ ಸ್ವಂತ ವಿವರಗಳನ್ನೂ ಕೊಡಬೇಕಾಗಿಲ್ಲ ಎಂದು ಹೇಳುತ್ತದೆ, ಸರಿ. ಆದರೆ ಉತ್ತರ ಬರಬೇಕಾದರೆ ಹೆಸರು ಮತ್ತು ವಿಳಾಸಗಳನ್ನಾದರೂ ಬರೆಯಲೇಬೇಕಷ್ಟೆ. ಸಣ್ಣ ಊರುಗಳಲ್ಲಿ ಅಷ್ಟೇ ಸಾಕಾಗುತ್ತದೆ. ಅನ್ಯಾಯವನ್ನು ಬಯಲಿಗೆಳೆಯುವವರನ್ನು ರಕ್ಷಿಸುವುದಕ್ಕಾಗಿ ಪಾರ್ಲಿಮೆಂಟು ೨೦೧೪ರಲ್ಲಿ ಒಂದು ಅಧಿನಿಯಮವನ್ನೇ ಅಂಗೀಕರಿಸಿತು. ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು. ಅದನ್ನು ಜಾರಿಗೆ ತರುವ ಪ್ರಕಟಣೆ ಮಾತ್ರ ವರ್ಷದ ಮೇಲೆ ವರ್ಷ ಕಳೆದರೂ ಹೊರಡಲಿಲ್ಲ. ಕಾನೂನಿನ ಕೊಡೆ ಬಿಚ್ಚಿಕೊಳ್ಳದಿರುವಾಗ ಮನುಷ್ಯನು ತನ್ನ ತಲೆಯನ್ನು ತಾನೇ ಮರೆಮಾಡಿಕೊಳ್ಳಲು ಯತ್ನಿಸಿದರೆ ಅದನ್ನು ಕಳ್ಳತನವೆಂದು ಯಾರೂ ಹೇಳಲಾರರು.

ಇನ್ನು ಗೋಪ್ಯವು ಹಕ್ಕೋ ಅಲ್ಲವೋ ಎಂಬ ಪ್ರಶ್ನೆ ಉಳಿದಿಲ್ಲ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತಾರನೆಯ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ೨೦೧೭ರ ಆಗಸ್ಟ್ ೨೪ರಂದು ಏಕಕಂಠದಿಂದ ಗೋಪ್ಯವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸಾರಿತು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ಕಾಲವಾದರು. ಅವರ ಹೆಸರು ಮಾತ್ರ ದೇಶದ ಕಾನೂನು ಪುಸ್ತಕಗಳಲ್ಲಿ ನಿಂತಿತು. ಕನ್ನಡಿಗರಾದ ನಾವು ಇದರಲ್ಲಿ ಅಭಿಮಾನಪಡುವುದು ಅನುಚಿತವಲ್ಲ. ಆದರೆ ಅಭಿಮಾನಪಟ್ಟು ಸುಮ್ಮನಾಗುವುದು ಅನುಚಿತ.

ಈಗ ಯಂತ್ರದ ಮಾತಿಗೆ ಬರೋಣ. ಹಿಂದಿನ ಮೈಸೂರು ಸಂಸ್ಥಾನದಲ್ಲಿ ಅಂಚೆಯೆಂಬ ಸ್ವಂತ ಟಪ್ಪಾಲು ಇಲಾಖೆಯಿತ್ತು. ೧೮೮೯ರಲ್ಲಿ ಅದು ಬ್ರಿಟಿಷ್ ಸರಕಾರದ ಟಪ್ಪಾಲಿನೊಳಗೆ ಲೀನವಾಯಿತು. ಅಂಚೆಯವನು ಚೀಲವನ್ನು ಹೊತ್ತು ಒಂದು ಕಟ್ಟೆಯವರೆಗೆ ಓಡುವನು, ಅಲ್ಲಿಂದ ಮುಂದಿನವನು ಓಡುವನು. ಟಾರ್ ಜಾಲವನ್ನು ತಿಳಿಯುವುದಕ್ಕೆ ಈ ಚಿತ್ರವೇ ಸಾಕು. ನೀವು ಬರೆದ ಕಾಗದವನ್ನು ಒಂದು ಲಕೋಟೆಯಲ್ಲಿಟ್ಟು, ಅದನ್ನು ಇನ್ನೊಂದರಲ್ಲಿ, ಅದನ್ನೂ ಮತ್ತೊಂದರಲ್ಲಿ ಇಟ್ಟು ಮುದ್ರೆ ಮಾಡುವಿರಿ. ಮೊದಲ ಕಟ್ಟೆಯವನು ಹೊರಗಿನ ಲಕೋಟೆಯನ್ನು ಮಾತ್ರ ಒಡೆಯಬಲ್ಲನು; ಕಳುಹಿಸಿದವರು ಯಾರೆಂಬುದು ಅವನಿಗೆ ಗೊತ್ತು, ತಲಪಬೇಕಾದುದು ಎಲ್ಲಿಗೆಂಬುದು ಗೊತ್ತಿಲ್ಲ. ನಡುವಿನವನಿಗೆ ಎರಡೂ ಗೊತ್ತಿಲ್ಲ. ಕೊನೆಯವನಿಗೆ ಸೇರತಕ್ಕ ಸ್ಥಳ ಗೊತ್ತು, ಹೊರಟ ಸ್ಥಳ ಗೊತ್ತಿಲ್ಲ. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ೧೯೯೦ರ ದಶಕದ ನಡುಭಾಗದಲ್ಲಿ ಪಾಲ್ ಸೈವರ್ಸನ್, ಡೇವಿಡ್ ಗೋಲ್ಡ್‌ಶ್ಲಾಗ್, ಮೈಕೇಲ್ ರೀಡ್ ಎಂಬವರು ಈ ಉಪಾಯವನ್ನು ಕಂಡುಹಿಡಿದರು. ಈರುಳ್ಳಿಯಂತೆ ಪದರು ಪದರಾಗಿರುವುದರಿಂದ ಅದಕ್ಕೆ ಈರುಳ್ಳಿಯ ಹೆಸರನ್ನೇ ಇಟ್ಟರು. ರೋಜರ್ ಡಿಂಗಲ್‌ಡೈನ್ ಮತ್ತು ನಿಕ್ ಮ್ಯಾಥ್ಯೂಸನ್‌ರು ಕೂಡಿಕೊಂಡ ಮೇಲೆ ೨೦೦೨ರಲ್ಲಿ ಟಾರ್ ಜಾಲವು ನಡೆಯತೊಡಗಿತು. ೨೦೦೬ರಲ್ಲಿ ಅದನ್ನು ನಡೆಸಲು ಲಾಭವನ್ನಪೇಕ್ಷಿಸದ ಸಂಸ್ಥೆಯೊಂದು ಏರ್ಪಟ್ಟಿತು. ಕಟ್ಟೆಗಳನ್ನು, ಅಂದರೆ ರಿಲೇಗಳನ್ನು, ನಡೆಸುವವರು ಬಹುತೇಕ ಸ್ವಯಂಸೇವಕರು. ಅವುಗಳಲ್ಲಿ ಹೆಚ್ಚಿನವು ಜರ್ಮನಿ, ಅಮೆರಿಕ, ನೆದರ್ಲೆಂಡ್ಸ್ ಮುಂತಾದ ದೇಶಗಳಲ್ಲಿವೆ.

ಇದರಿಂದಾಗುವ ಪರಿಣಾಮವನ್ನು ವಾಚಕರು ತಾವೇ ಲೆಕ್ಕಹಾಕಿ ನೋಡಬಹುದು. ಅರಸೀಕೆರೆಯಿಂದ ಬೆಂಗಳೂರು ಸುಮಾರು ಮುನ್ನೂರು ಕಿಲೋಮೀಟರು. ಬೆಂಗಳೂರಿನ ಯಂತ್ರದಲ್ಲಿರುವ ಪುಟವೊಂದನ್ನು ನಮ್ಮ ಪತ್ರಲೇಖಕರು ಕೇಳಿದರೆ, ಆ ಕೇಳಿಕೆಯು ಜರ್ಮನಿಗೆ ಹೋಗಿ, ನೆದರ್ಲೆಂಡ್ಸನ್ನು ಮುಟ್ಟಿ, ಅಮೆರಿಕಕ್ಕೆ ಹಾರಿ, ಅಲ್ಲಿಂದ ಬೆಂಗಳೂರಿಗೆ ಬರಬಹುದು. ಒಂದು ದಿಕ್ಕಿಗೆ ಇಪ್ಪತ್ತೈದು ಸಾವಿರ ಕಿಲೋಮೀಟರಿಗೆ ಕಡಮೆಯಿಲ್ಲ. ಹೋಗಿ ಬರಲು ಐವತ್ತು ಸಾವಿರ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುವುದರಿಂದ, ಯಾವ ಕಟ್ಟೆಯಲ್ಲಿಯೂ ಒಂದು ಕ್ಷಣ ನಿಲ್ಲದಿದ್ದರೂ ಒಂದು ಸುತ್ತಿಗೆ ಕಾಲು ಸೆಕೆಂಡು ಬೇಕೇ ಬೇಕು. ಪುಟದ ಮೊದಲ ಅಕ್ಷರ ಬರುವುದಕ್ಕೆ ಮೊದಲು ಇಂತಹ ಸುತ್ತುಗಳು ಮೂರಾದರೂ ಆಗಬೇಕು: ಸಂಪರ್ಕ ಕೂಡಿಸಲು ಒಂದು, ಗೂಢಲಿಪಿಯ ಕೀಲಿಯನ್ನು ಒಪ್ಪಿಕೊಳ್ಳಲು ಒಂದು, ಪುಟವನ್ನು ಕೇಳಿ ಪಡೆಯಲು ಒಂದು. ಅಲ್ಲಿಗೆ ಮುಕ್ಕಾಲು ಸೆಕೆಂಡು ಕಳೆಯಿತು. ಇದು ಬೆಳಕಿನ ತಪ್ಪೂ ಅಲ್ಲ, ಬ್ರೌಸರಿನ ತಪ್ಪೂ ಅಲ್ಲ.

ಆ ಹುಡುಗನ ಮಾತು ಪ್ರಸ್ತುತವಾಗುವುದು ಇಲ್ಲಿಯೇ. ಅವನು ಹೇಳಿದುದರಲ್ಲಿ ಅರ್ಧ ನಿಜವಿದೆ. ಅರ್ಧ ನಿಜವು ಪೂರ್ತಿ ಸುಳ್ಳಿಗಿಂತ ಹೆಚ್ಚು ಅಪಾಯಕರವಾದುದರಿಂದ ತುಸು ವಿಸ್ತರಿಸಿ ಹೇಳುತ್ತೇವೆ. ಬ್ರೌಸರೂ ಪುಟವಿರುವ ಯಂತ್ರವೂ ಮಾತನಾಡಿಕೊಳ್ಳುವ ಕಟ್ಟಳೆಗೆ ಪ್ರೋಟೊಕಾಲೆಂದು ಹೆಸರು. ಎಚ್.ಟಿ.ಟಿ.ಪಿ. ಎಂಬ ಕಟ್ಟಳೆಯ ಹಳೆಯ ರೂಪದಲ್ಲಿ ಒಂದು ಸಂಪರ್ಕದ ಮೇಲೆ ಒಂದು ವಸ್ತುವನ್ನು ಕೇಳಿ, ಅದು ಬಂದ ಮೇಲೆ ಇನ್ನೊಂದನ್ನು ಕೇಳುವುದೇ ರೂಢಿ. ಚಿತ್ರ, ಅಕ್ಷರ, ಲಿಪಿ, ಜಾಹೀರಾತು ಎಂದು ನೂರು ತುಣುಕುಗಳುಳ್ಳ ಇಂದಿನ ಪುಟಕ್ಕೆ ಇದು ಸಾಲದಾಗಿ, ಬ್ರೌಸರುಗಳು ಒಂದೇ ಮನೆಯ ಮುಂದೆ ಆರು ಸಾಲು ನಿಲ್ಲುವಂತೆ ಆರು ಸಂಪರ್ಕಗಳನ್ನು ತೆರೆಯತೊಡಗಿದವು. ೨೦೧೫ರಲ್ಲಿ ಎರಡನೆಯ ರೂಪ ಬಂದಿತು. ಅದರಲ್ಲಿ ಒಂದೇ ಸಂಪರ್ಕದೊಳಗೆ ಅನೇಕ ಕೇಳಿಕೆಗಳು ಹೆಣೆದುಕೊಂಡು ಹೋಗಬಲ್ಲವು. ೨೦೨೨ರಲ್ಲಿ ಪ್ರಮಾಣೀಕೃತವಾದ ಮೂರನೆಯ ರೂಪವು ಇನ್ನೂ ಮುಂದೆ ಹೋಯಿತು. ಸಂಪರ್ಕ ಕೂಡಿಸುವುದನ್ನೂ ಕೀಲಿ ಒಪ್ಪಿಕೊಳ್ಳುವುದನ್ನೂ ಒಂದೇ ಸುತ್ತಿನಲ್ಲಿ ಮುಗಿಸುವುದು ಅದರ ಸಾಮರ್ಥ್ಯ.

ಆದರೆ ಮೊದಲಿನ ಎರಡು ರೂಪಗಳಿಗೂ ಮೂರನೆಯದಕ್ಕೂ ಬುಡದಲ್ಲಿಯೇ ಒಂದು ಭೇದವಿದೆ. ಮೊದಲಿನವು ಟಿ.ಸಿ.ಪಿ. ಎಂಬ ವಾಹನದ ಮೇಲೆ ಹೋಗುವವು. ಇದು ರಿಜಿಸ್ಟರ್ಡ್ ಟಪ್ಪಾಲಿನಂತೆ. ಒಂದೊಂದು ಪೊಟ್ಟಣಕ್ಕೂ ಮುಟ್ಟಿದ ರಸೀದಿ, ಒಂದು ಕಳೆದುಹೋದರೆ ಅದು ಪುನಃ ಬರುವವರೆಗೆ ಹಿಂದಿನವೆಲ್ಲ ಕಾಯತಕ್ಕದ್ದು. ಮೂರನೆಯದು ಕ್ವಿಕ್ ಎಂಬ ಹೊಸ ಏರ್ಪಾಟಿನ ಮೂಲಕ ಯು.ಡಿ.ಪಿ. ಎಂಬ ವಾಹನದ ಮೇಲೆ ಹೋಗುವುದು. ಇದು ಡಬ್ಬಿಗೆ ಹಾಕಿದ ಕಾರ್ಡಿನಂತೆ. ವಾಹನವು ರಸೀದಿ ಕೊಡದು, ಲೆಕ್ಕವೇನಿದ್ದರೂ ಕಳುಹಿಸಿದವನೂ ಪಡೆದವನೂ ತಾವೇ ಇಟ್ಟುಕೊಳ್ಳಬೇಕು. ಟಾರ್ ಜಾಲದ ಅಂಚೆಯವನು ಮೊದಲಿನಿಂದಲೂ ರಿಜಿಸ್ಟರ್ಡ್ ಚೀಲವನ್ನಷ್ಟೇ ಹೊರುವನು. ಕಾರ್ಡನ್ನು ಹೊರುವ ಏರ್ಪಾಟು ಅವನ ಬಳಿ ಇಲ್ಲ. ಆದುದರಿಂದಲೇ ಟಾರ್ ಬ್ರೌಸರಿನಲ್ಲಿ ಮೂರನೆಯ ಕಟ್ಟಳೆಯ ಬಾಗಿಲನ್ನು ಮುಚ್ಚಿದ್ದಾರೆ. ಮುಖಾಮುಖಿ ಮಾತುಕತೆಗೆ ಬೇಕಾಗುವ ವೆಬ್‌ಆರ್‌ಟಿಸಿ ಎಂಬುದನ್ನೂ ಇದೇ ಭಯದಿಂದ ತೆಗೆದುಹಾಕಿದ್ದಾರೆ.

ಸೆಟ್ಟಿಂಗಿನಲ್ಲಿ ಆ ಬಾಗಿಲನ್ನು ಬಲಾತ್ಕಾರದಿಂದ ತೆರೆದರೆ ಆಗುವುದೇನು? ಅನೇಕ ವೇಳೆ ಏನೂ ಆಗದು. ಟಾರಿನೊಳಗೆ ದಾರಿಯೇ ಇಲ್ಲದುದರಿಂದ ಬ್ರೌಸರು ಹಳೆಯ ಕಟ್ಟಳೆಗೇ ಮರಳುವುದು. ಏನಾದರೂ ಆಯಿತೆಂದರೆ ಅದು ಇನ್ನೂ ಕೆಟ್ಟದ್ದು: ಕಾರ್ಡು ಮೂರು ಕಟ್ಟೆಗಳನ್ನೂ ಬಿಟ್ಟು, ಅರಸೀಕೆರೆಯ ಮನೆಯಿಂದ ನೇರವಾಗಿ, ನಿಜವಾದ ವಿಳಾಸವನ್ನು ಬೆನ್ನಿನ ಮೇಲೆ ಬರೆದುಕೊಂಡು ಹೊರಟುಬಿಡುವುದು. ಮೂರು ಲಕೋಟೆಗಳ ಶ್ರಮವೆಲ್ಲ ನೀರಿನಲ್ಲಿ ಹೋಮಮಾಡಿದಂತೆ. ಕಾಲು ಸೆಕೆಂಡನ್ನು ಉಳಿಸಲು ಹೋಗಿ ಯಾವುದಕ್ಕಾಗಿ ಈ ಹಾದಿಯನ್ನು ಹಿಡಿದೆವೋ ಅದನ್ನೇ ಕಳೆದುಕೊಳ್ಳುವುದು ಜಾಣತನವಲ್ಲ.

ನಿರ್ಬಂಧಗಳು ಇಷ್ಟಕ್ಕೇ ಮುಗಿಯುವುದಿಲ್ಲ. ಬೇರೆ ಬ್ರೌಸರುಗಳು ನೀವು ಕೊಂಡಿಯ ಮೇಲೆ ಬೆರಳಿಡುವುದಕ್ಕೆ ಮೊದಲೇ ಮುಂದಿನ ಪುಟದ ಯಂತ್ರಕ್ಕೆ ಸಂಪರ್ಕವನ್ನು ಕೂಡಿಸಿಟ್ಟಿರುತ್ತವೆ. ಇದರಲ್ಲಿ ಆ ಮುಂಗೈ ಚಾಳಿಯನ್ನು ನಿಲ್ಲಿಸಲಾಗಿದೆ. ನಿನ್ನೆ ನೋಡಿದ ಪುಟದ ತುಣುಕುಗಳನ್ನು ತಟ್ಟೆಯಲ್ಲಿ ಉಳಿಸಿಟ್ಟುಕೊಳ್ಳುವುದಿಲ್ಲ. ಬ್ರೌಸರನ್ನು ಮುಚ್ಚಿದೊಡನೆ ಎಲ್ಲವೂ ಅಳಿಸಿಹೋಗುವುದರಿಂದ ಮರುದಿನ ಎಲ್ಲವನ್ನೂ ಹೊಸದಾಗಿ ತರಿಸಬೇಕು. ಹಳೆಯ ಪರಿಚಯದ ಚೀಟಿಯನ್ನು ತೋರಿಸಿ ಕೀಲಿಯ ಸುತ್ತನ್ನು ತಪ್ಪಿಸಿಕೊಳ್ಳುವ ಸೌಕರ್ಯವನ್ನೂ ಕಿತ್ತುಹಾಕಿದ್ದಾರೆ, ಏಕೆಂದರೆ ಆ ಚೀಟಿಯೇ ಗುರುತಿನ ಬಿಲ್ಲೆಯಾಗುವುದು. ಒಂದೊಂದು ತಾಣಕ್ಕೂ ಬೇರೆ ಬೇರೆ ಹಾದಿ. ಇವುಗಳಲ್ಲಿ ಒಂದೊಂದೂ ವೇಗವನ್ನು ಒಂದಿಷ್ಟು ಕಡಿಯುತ್ತದೆ. ಒಂದೊಂದೂ ಗೋಪ್ಯಕ್ಕೆ ಒಂದು ಬೇಲಿಯಾಗುತ್ತದೆ. ಬೇಲಿ ಕಟ್ಟುವವರು ಮೂಢರಲ್ಲವೆಂಬುದಕ್ಕೆ ಒಂದು ನಿದರ್ಶನ ಸಾಕು. ಎಚ್.ಟಿ.ಟಿ.ಪಿ.ಯ ಎರಡನೆಯ ರೂಪವನ್ನು ಅವರು ಬಂದ ಕೂಡಲೆ ಒಳಕ್ಕೆ ಬಿಟ್ಟುಕೊಳ್ಳಲಿಲ್ಲ. ಬಹುಕಾಲ ತೆರೆದಿರುವ ಒಂದೇ ಸಂಪರ್ಕವು ಓದುಗನ ಜಾಡನ್ನು ಹಿಡಿಯಲು ನೆರವಾದೀತೇ ಎಂದು ಸಂಶಯಪಟ್ಟು, ಪರೀಕ್ಷಿಸಿ, ಬೇಕಾದ ತಡೆಗಳನ್ನು ಹಾಕಿ, ೨೦೧೮ರ ಎಂಟನೆಯ ಆವೃತ್ತಿಯಲ್ಲಿ ಅನುಮತಿಸಿದರು. ಇಂದು ಟಾರ್ ಬ್ರೌಸರು ಆ ಮಟ್ಟಿಗೆ ಹಿಂದುಳಿದಿಲ್ಲ.

ನಿಧಾನದ ಮುಖ್ಯ ಕಾರಣವು ಬ್ರೌಸರಿನಲ್ಲಿರದೆ ಜಾಲದಲ್ಲಿಯೇ ಇದ್ದುದನ್ನೂ ಹೇಳಬೇಕು. ಟಾರ್ ಹಾದಿಯಲ್ಲಿ ಸರಕೆಲ್ಲವೂ ಒಂದೇ ಅಳತೆಯ ಸೆಲ್ಲುಗಳಲ್ಲಿ ಹೋಗುವುದು; ಒಂದೊಂದರಲ್ಲಿ ಸುಮಾರು ಐದುನೂರು ಬೈಟು ಮಾತ್ರ ಹಿಡಿಯುತ್ತದೆ. ಬಹುಕಾಲದವರೆಗೆ ಇಂತಹ ಐದುನೂರು ಸೆಲ್ಲುಗಳಿಗಿಂತ ಹೆಚ್ಚನ್ನು ರಸೀದಿ ಬಾರದೆ ಕಳುಹಿಸಕೂಡದೆಂಬ ಗಡಸು ನಿಯಮವಿತ್ತು. ಅಂದರೆ ಒಂದು ಸುತ್ತಿಗೆ ಕಾಲು ಮೆಗಾಬೈಟು. ಸುತ್ತಿಗೆ ಅರ್ಧ ಸೆಕೆಂಡು ಹಿಡಿದರೆ ಸೆಕೆಂಡಿಗೆ ಅರ್ಧ ಮೆಗಾಬೈಟು. ಮನೆಗೆ ಎಷ್ಟೇ ದಪ್ಪನಾದ ತಂತಿಯನ್ನು ಎಳೆಸಿಕೊಂಡರೂ ಅಷ್ಟೇ. ೨೦೨೨ರಲ್ಲಿ ಈ ನಿಯಮವನ್ನು ಬಿಟ್ಟು ದಟ್ಟಣೆಗೆ ತಕ್ಕಂತೆ ಹೆಚ್ಚು ಕಡಮೆ ಮಾಡುವ ಕ್ರಮವನ್ನು ತಂದರು. ೨೦೨೩ರಲ್ಲಿ ಒಬ್ಬನ ಸರಕನ್ನು ಎರಡು ಹಾದಿಗಳಲ್ಲಿ ಹಂಚಿ ಕಳುಹಿಸುವ ಉಪಾಯವೂ ಬಂದಿತು. ಕಾರ್ಡನ್ನು ಹೊರುವ, ಅಂದರೆ ಯು.ಡಿ.ಪಿ.ಯನ್ನು ಸಾಗಿಸುವ ಏರ್ಪಾಟಿನ ಸಲಹೆಪತ್ರಗಳನ್ನೂ ಆ ಸಂಸ್ಥೆಯವರು ಬರೆದಿದ್ದಾರೆ. ಆದರೆ ಜಗತ್ತಿನಾದ್ಯಂತ ಚದುರಿರುವ ಸ್ವಯಂಸೇವಕರ ಸಾವಿರಾರು ಯಂತ್ರಗಳು ಬದಲಾಗಬೇಕಾದ ಕೆಲಸವಿದು. ಒಬ್ಬರು ಆಜ್ಞೆ ಮಾಡಿ ಒಂದು ರಾತ್ರಿಯಲ್ಲಿ ಆಗತಕ್ಕದ್ದಲ್ಲ. ಹಣವಂತ ಕಂಪೆನಿಯ ಮಾತು ಬೇರೆ. ಆಪಲ್ ಕಂಪೆನಿಯವರು ೨೦೨೧ರಿಂದ ತಮ್ಮ ಹಣ ಕೊಡುವ ಗಿರಾಕಿಗಳಿಗೆ ಎರಡು ಕಟ್ಟೆಗಳ ಗೋಪ್ಯದ ಹಾದಿಯೊಂದನ್ನು ಇದೇ ಹೊಸ ಕ್ವಿಕ್ಕಿನ ಮೇಲೆ ನಡೆಸುತ್ತಾರೆ. ಅದು ಚುರುಕಾಗಿದೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಲ್ಲಿ ಕಟ್ಟೆಗಳು ಕಂಪೆನಿಯದೂ ಅದರ ಪಾಲುದಾರರದೂ ಆಗಿವೆ. ಗಿರಾಕಿಯ ಖಾತೆ ಕಂಪೆನಿಯ ಪುಸ್ತಕದಲ್ಲಿದೆ. ಯಾರನ್ನು ನಂಬಿದರೆ ಎಷ್ಟು ವೇಗ ಎಂಬುದೇ ಈ ವ್ಯವಹಾರದ ತಿರುಳೆಂದು ತೋರುತ್ತದೆ.

ಮತ್ತೂ ಒಂದು ಕಾರಣದಿಂದ ಆ ಸೆಟ್ಟಿಂಗನ್ನು ಮುಟ್ಟಕೂಡದು. ಕೊಟ್ಟೂರಿನ ಬಸವೇಶ್ವರನ ತೇರಿಗೆ ಬಂದ ಜನಸಾಗರದಲ್ಲಿ ಬಿಳಿಯ ಬಟ್ಟೆಯುಟ್ಟು ನಿಂತವನನ್ನು ಯಾರು ಗುರುತಿಸಬಲ್ಲರು? ಅವನೇ ಕೆಂಪು ರುಮಾಲನ್ನು ಸುತ್ತಿಕೊಂಡು ನಿಂತರೆ ದೂರದ ಮಾಳಿಗೆಯಿಂದಲೂ ಕಾಣುವನು. ಟಾರ್ ಬ್ರೌಸರನ್ನು ಬಳಸುವವರೆಲ್ಲರೂ ತಾಣಗಳ ಕಣ್ಣಿಗೆ ಒಂದೇ ಬಗೆಯಾಗಿ ಕಾಣುವಂತೆ ಅದನ್ನು ರಚಿಸಿದ್ದಾರೆ. ಒಬ್ಬನು ತನ್ನದನ್ನು ತಿದ್ದಿಕೊಂಡನೆಂದರೆ ವೇಗ ಬಂದೀತೋ ಬಾರದೋ, ಕೆಂಪು ರುಮಾಲಂತೂ ಬಂದಿತು.

ಹಾಗಾದರೆ ದೂರಿಗೆ ಪಾತ್ರರಾದವರು ಯಾರು? ಮೊದಲು ನಮ್ಮ ವೃತ್ತಿಯವರ ಮಾತನ್ನೇ ಆಡೋಣ. ಕನ್ನಡದ ಒಂದೊಂದು ಸಂಕೇತವೂ ಯಂತ್ರದಲ್ಲಿ ಮೂರು ಬೈಟುಗಳಷ್ಟು ಸ್ಥಳವನ್ನು ತೆಗೆದುಕೊಳ್ಳುತ್ತದೆ. ಆದರೂ ಈ ಲೇಖನದಷ್ಟು ಉದ್ದವಾದ ಬರಹವನ್ನು ಯಾವ ಒತ್ತುವಿಕೆಯೂ ಇಲ್ಲದೆ ಕಳುಹಿಸಿದರೆ ನೂರಿಪ್ಪತ್ತು ಸೆಲ್ಲುಗಳಲ್ಲಿ ಹಿಡಿಸುತ್ತದೆ. ಪಕ್ಕದಲ್ಲಿ ಒಂದು ಮೆಗಾಬೈಟಿನ ಭಾವಚಿತ್ರವನ್ನಿಟ್ಟರೆ ಅದೊಂದಕ್ಕೇ ಎರಡು ಸಾವಿರ ಸೆಲ್ಲುಗಳು ಬೇಕು. ಅದರ ಮೇಲೆ ತಾನಾಗಿ ಕುಣಿಯುವ ಜಾಹೀರಾತು, ಓದುಗನ ಚಲನವಲನವನ್ನು ಬರೆದುಕೊಳ್ಳುವ ಹತ್ತಾರು ಲಿಪಿಗಳು, ಮೂರು ಬಗೆಯ ಅಕ್ಷರಮೊಳೆಗಳು. ಸುದ್ದಿ ಎಷ್ಟು ಹಗುರವೋ ಪುಟ ಅಷ್ಟು ಭಾರ! ಚುರುಕಾದ ತಂತಿಯುಳ್ಳ ನಗರದವನಿಗೆ ಇದು ತಿಳಿಯುವುದಿಲ್ಲ; ಮೂರು ಕಟ್ಟೆ ದಾಟಿ ಬರುವವನ ಕಾಲಿಗೆ ಇದು ಗುಂಡುಕಲ್ಲು. ಈ ದೋಷದಿಂದ ನಾವೂ ಹೊರತಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ಎರಡನೆಯದಾಗಿ ಸರಕಾರದ ತಾಣಗಳು. ಅಧಿಕಾರಿಗಳಾದ ನಮ್ಮ ವಾಚಕರು ಈ ಮಾತನ್ನು ಅಪಾರ್ಥಮಾಡಿಕೊಳ್ಳಬಾರದು. ಹೊರದೇಶದ ದಾಳಿಕೋರರಿಗೆ ಹೆದರಿ ಹಲವು ಸರಕಾರಿ ತಾಣಗಳು ವಿದೇಶದ ವಿಳಾಸದಿಂದ ಬಂದವರಿಗೆ ಬಾಗಿಲನ್ನೇ ತೆರೆಯುವುದಿಲ್ಲ. ಟಾರಿನ ಕೊನೆಯ ಕಟ್ಟೆಯು ಸಾಮಾನ್ಯವಾಗಿ ವಿದೇಶದಲ್ಲಿರುವುದರಿಂದ, ಅರಸೀಕೆರೆಯ ತೆರಿಗೆದಾರನು ತನ್ನದೇ ಸರಕಾರದ ಲೆಕ್ಕವನ್ನು ನೋಡಲು ಹೋದಾಗ ಪರಕೀಯನೆನಿಸಿ ಹೊರಗೆ ನಿಲ್ಲುವನು. ಅವನ ಕಣ್ಣಿಗೆ ಇದು ನಿಧಾನವಾಗಿ ತೋರುತ್ತದೆ: ಪುಟವು ಬರುತ್ತದೆ ಬರುತ್ತದೆ ಎಂದು ಕಾದು, ಕೊನೆಗೆ ಬಾರದು. ಖಾಸಗಿ ತಾಣಗಳಾದರೋ ಬಸ್ಸು ಯಾವುದು, ದೀಪದ ಕಂಬ ಯಾವುದು ಎಂದು ಚಿತ್ರ ತೋರಿಸಿ ನೀನು ಮನುಷ್ಯನೇ ಎಂದು ಪರೀಕ್ಷೆ ಮಾಡುತ್ತವೆ. ಹಣ ಪಾವತಿ ಮಾಡುವ, ದಾಖಲೆ ತಿದ್ದುವ ಜಾಗದಲ್ಲಿ ಕಾವಲಿರಲಿ. ಎಲ್ಲರಿಗಾಗಿ ಪ್ರಕಟಿಸಿದ ಅಂದಾಜುಪಟ್ಟಿ, ಬಿಲ್ಲು, ಸುತ್ತೋಲೆಗಳನ್ನು ಓದುವುದಕ್ಕೆ ಕಾವಲೇಕೆ? ಕಚೇರಿಯ ಹೊರಗೋಡೆಗೆ ಅಂಟಿಸಿದ ನೋಟೀಸನ್ನು ಓದುವವನ ಊರು ಕೇರಿಗಳನ್ನು ಯಾವ ಜವಾನನೂ ಕೇಳುವುದಿಲ್ಲ.

ಮೂರನೆಯದು ಕಾನೂನಿನ ಒಲವು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಯವರು ೨೦೨೦ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ದೇಶದ ಆರು ದೊಡ್ಡ ಇಂಟರ್‌ನೆಟ್ ಕಂಪೆನಿಗಳನ್ನು ಪರೀಕ್ಷಿಸಿ, ತಡೆಯಲ್ಪಟ್ಟ ತಾಣಗಳ ಪಟ್ಟಿ ಕಂಪೆನಿಯಿಂದ ಕಂಪೆನಿಗೆ ಬೇರೆಯಾಗಿರುವುದನ್ನೂ, ತಡೆಯುವ ಉಪಾಯಗಳೂ ಬೇರೆ ಬೇರೆಯಾಗಿರುವುದನ್ನೂ ತೋರಿಸಿದರು. ಕೆಲವು ಕಡೆ ಗೂಢಲಿಪಿಯ ಸಂಪರ್ಕದ ಹೊರಲಕೋಟೆಯ ಮೇಲಿರುವ ತಾಣದ ಹೆಸರನ್ನು ಓದಿ ತಡೆಯುವುದೂ ನಡೆದಿತ್ತು. ೨೦೨೨ರ ಏಪ್ರಿಲ್ ೨೮ರಂದು ಕೇಂದ್ರದ ಸರ್ಟ್-ಇನ್ ಇಲಾಖೆಯು ಹೊರಡಿಸಿದ ಆದೇಶವು, ವಿ.ಪಿ.ಎನ್. ಎಂಬ ಖಾಸಗಿ ಹಾದಿಗಳನ್ನು ಮಾರುವವರು ಗಿರಾಕಿಗಳ ಹೆಸರು, ವಿಳಾಸ, ಉದ್ದೇಶಗಳನ್ನು ಐದು ವರ್ಷ ಬರೆದಿಡಬೇಕೆಂದು ವಿಧಿಸಿತು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಕಂಪೆನಿಗಳು ಭಾರತದಲ್ಲಿದ್ದ ತಮ್ಮ ಯಂತ್ರಗಳನ್ನೇ ಕಿತ್ತುಕೊಂ‌ಡು ಹೋದವು. ಹತ್ತಿರದ ಕಟ್ಟೆಗಳು ಹೋದರೆ ಉಳಿಯುವುದು ದೂರದ ಕಟ್ಟೆಗಳೇ. ಸುತ್ತು ಉದ್ದವಾಯಿತು, ವೇಗ ಕಡಮೆಯಾಯಿತು. ಟಾರನ್ನು ಬಳಸುವುದೇ ಅಪರಾಧವೆಂದು ಹೇಳುವ ಕಾನೂನು ನಮ್ಮಲ್ಲಿಲ್ಲ. ಆದರೆ ಸ್ವಯಂಸೇವಕನೊಬ್ಬನು ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಒಂದು ಕಟ್ಟೆಯನ್ನು ಕಟ್ಟಲು ಧೈರ್ಯಪಡುವಂತಹ ಹವೆಯೂ ಇಲ್ಲ. ವೇಗದ ಪ್ರಶ್ನೆಯು ಕೊನೆಗೆ ಧೈರ್ಯದ ಪ್ರಶ್ನೆಯಾಗಿ ನಿಲ್ಲುವುದು ಹೀಗೆ.

ಕಳ್ಳಕಾಕರೂ ಇದೇ ಹಾದಿಯಲ್ಲಿ ನಡೆಯುವರಲ್ಲ ಎಂದು ಪೊಲೀಸ್ ಅಧಿಕಾರಿಗಳು ಆಕ್ಷೇಪಿಸಬಹುದು. ನಡೆಯುವರು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಮಾದಕ ವಸ್ತುಗಳನ್ನು ಮಾರುತ್ತಿದ್ದ ಸಿಲ್ಕ್ ರೋಡ್ ಎಂಬ ಸಂತೆಯು ಟಾರಿನೊಳಗೇ ನಡೆದಿತ್ತು. ೨೦೧೩ರಲ್ಲಿ ಅಮೆರಿಕದ ಪೊಲೀಸರು ಅದನ್ನು ಹಿಡಿದು ಮುಚ್ಚಿಸಿದರು. ಅದನ್ನು ನಡೆಸುತ್ತಿದ್ದವನು ತಾನೇ ಬಿಟ್ಟ ಸುಳಿವುಗಳನ್ನು ತಾಳ್ಮೆಯಿಂದ ಹಿಂಬಾಲಿಸಿ ಹಿಡಿದರೇ ಹೊರತು ದಾರಿಹೋಕರೆಲ್ಲರ ಲಕೋಟೆಗಳನ್ನು ಒಡೆದು ಹಿಡಿಯಲಿಲ್ಲ. ಲಕೋಟೆ ಒಡೆಯುವ ಚಪಲವು ಸರಕಾರಗಳಿಗೆ ಹಳೆಯದು. ೧೮೯೮ರ ಪೋಸ್ಟಾಫೀಸ್ ಅಧಿನಿಯಮದ ಇಪ್ಪತ್ತಾರನೆಯ ಪ್ರಕರಣವು ಪರಕೀಯ ಸರಕಾರಕ್ಕೆ ಆ ಅಧಿಕಾರವನ್ನು ಕೊಟ್ಟಿತ್ತು. ಬಳ್ಳಾರಿಯ ಅಲೀಪುರ ಸೆರೆಮನೆಯಲ್ಲಿದ್ದ ಸತ್ಯಾಗ್ರಹಿಗಳ ಮನೆಯವರು ಅದರ ರುಚಿಯನ್ನು ಬಲ್ಲರು. ಸ್ವರಾಜ್ಯ ಬಂದ ಮೇಲೂ ೧೯೮೬ರಲ್ಲಿ ಆ ಅಧಿಕಾರವನ್ನು ಹಿಗ್ಗಿಸುವ ಮಸೂದೆಯನ್ನು ಪಾರ್ಲಿಮೆಂಟು ಅಂಗೀಕರಿಸಿತು. ರಾಷ್ಟ್ರಪತಿ ಜೈಲ್ ಸಿಂಗರು ಅಂಕಿತವನ್ನು ಹಾಕದೆಯೇ ಇಟ್ಟುಕೊಂಡುಬಿಟ್ಟರು. ಹಳೆಯ ಅಧಿನಿಯಮವು ೨೦೨೪ರಲ್ಲಿ ತೊಲಗಿ ೨೦೨೩ರ ಹೊಸದು ಅದರ ಸ್ಥಾನಕ್ಕೆ ಬಂದಿತು. ಅದರಲ್ಲಿಯೂ ಟಪಾಲನ್ನು ತಡೆದು ಒಡೆಯುವ ಪ್ರಕರಣ ಒಂಬತ್ತನೆಯ ಸಂಖ್ಯೆಯಲ್ಲಿ ಕುಳಿತಿದೆ.

ನಮ್ಮ ಪತ್ರಲೇಖಕರಿಗೆ ಹೇಳಬೇಕಾದ ಕೆಲವು ಮಾತುಗಳು ಉಳಿದಿವೆ. ಸೆಟ್ಟಿಂಗುಗಳನ್ನು ಇದ್ದಂತೆಯೇ ಬಿಡಿ. ಬ್ರೌಸರಿನ ಹೊಸ ಆವೃತ್ತಿ ಬಂದೊಡನೆ ಹಾಕಿಕೊಳ್ಳಿ, ಏಕೆಂದರೆ ಲೋಪಗಳನ್ನು ಮುಚ್ಚುವುದು ಅದರಲ್ಲಿಯೇ. ಪುಟವು ತೀರ ತಡವಾದರೆ ಆ ತಾಣಕ್ಕೆ ಮಾತ್ರ ಹೊಸ ಹಾದಿಯನ್ನು ಕೇಳುವ ಗುಂಡಿಯೊಂದಿದೆ, ಅದನ್ನು ಒತ್ತಿ ನೋಡಿ. ಮೊದಲ ಹಾದಿಯಲ್ಲಿ ದಣಿದ ಕಟ್ಟೆಯೊಂದಿದ್ದರೆ ಎರಡನೆಯದರಲ್ಲಿ ಅದು ಇಲ್ಲದಿರಬಹುದು. ಭದ್ರತೆಯ ಮಟ್ಟವನ್ನು ಏರಿಸಿದರೆ ಲಿಪಿಗಳು ನಿಲ್ಲುವುದರಿಂದ ಕೆಲವು ಪುಟಗಳು ಮುರಿದು ಕಾಣಬಹುದು, ಆದರೆ ಅನೇಕ ಪುಟಗಳು ಮೊದಲಿಗಿಂತ ಬೇಗ ಬರುವುದೂ ಉಂಟು. ಸೋದರಳಿಯನ ಮೇಲೆ ಕೋಪ ಬೇಡ. ಅವನಿಗೆ ಈ ಲೇಖನವನ್ನು ತೋರಿಸಿ, ಬೆಂಗಳೂರಿನಲ್ಲಿ ಒಂದು ಕಟ್ಟೆಯನ್ನು ನಡೆಸುವ ಕಾನೂನಿನ ದಾರಿಯೇನೆಂಬುದನ್ನು ಓದಿ ತಿಳಿಯುವಂತೆ ಹೇಳಿ. ಕೊನೆಯ ಕಟ್ಟೆಯೇ ಆಗಬೇಕೆಂದಿಲ್ಲ; ನಡುವಿನದಾದರೂ ಆದೀತು, ಅದರಿಂದ ಹೊರಲೋಕಕ್ಕೆ ಯಾವ ಪೊಟ್ಟಣವೂ ನೇರವಾಗಿ ಹೋಗುವುದಿಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ಭಾವಚಿತ್ರಗಳಿಲ್ಲದ, ಲಿಪಿಗಳಿಲ್ಲದ, ಬರಿಯ ಅಕ್ಷರಗಳುಳ್ಳ ಆವೃತ್ತಿಯೊಂದನ್ನು ನಮ್ಮ ತಾಣದಲ್ಲಿ ಒದಗಿಸಬೇಕೆಂದು ಕಚೇರಿಯವರಿಗೆ ತಿಳಿಸಿದ್ದೇವೆ. ಹೊರದೇಶದ ಪತ್ರಿಕೆಗಳಲ್ಲಿ ಪ್ರೋಪಬ್ಲಿಕಾ ೨೦೧೬ರಲ್ಲಿಯೂ, ನ್ಯೂಯಾರ್ಕ್ ಟೈಮ್ಸ್ ೨೦೧೭ರಲ್ಲಿಯೂ, ಬಿ.ಬಿ.ಸಿ.ಯವರು ೨೦೧೯ರಲ್ಲಿಯೂ ಟಾರಿನೊಳಗೇ ತಮ್ಮ ಬಾಗಿಲನ್ನು ತೆರೆದರು. ಅಂತಹ ಬಾಗಿಲಿಗೆ ಆರು ಕಟ್ಟೆಗಳನ್ನು ದಾಟಿ ಬರಬೇಕಾದುದರಿಂದ ಪುಟ ಹಗುರವಾಗಿರುವುದು ಇನ್ನೂ ಅವಶ್ಯ. ಅದಕ್ಕೆ ತಗಲುವ ವೆಚ್ಚದ ವಿಚಾರ ನಡೆದಿದೆ. ಅಲ್ಲಿಯವರೆಗೆ ಕಾಗದವೇ ಗತಿ. ಅರಸೀಕೆರೆಯಿಂದ ಬಂದ ಪತ್ರವನ್ನು ಓದಿ ಮುಗಿಸಿದ ಮೇಲೆ ಅದರ ಲಕೋಟೆಯನ್ನು ನಾವು ಇಟ್ಟುಕೊಳ್ಳಲಿಲ್ಲ.